ಉತ್ತರದ ಗುಂಡಿಯ ಮಣ್ಣು

ಮೊದಲು ಮುಚ್ಚಳ ತೋರಿಸಬೇಕೋ, ಮೊದಲು ಮಾತಾಡಬೇಕೋ? ಮುಚ್ಚಳ ತೋರಿಸಿದರೆ ಮಾತಾಡುವ ಕಷ್ಟ ತಪ್ಪುತ್ತದೆ, ಅವಳೇ ಓದಿಕೊಳ್ಳುತ್ತಾಳೆ. ಆದರೆ ಪೆನ್ಸಿಲಿನ ಆ ಸಣ್ಣ ಅಕ್ಷರ ಈಗ ಅವಳ ಕಣ್ಣಿಗೆ ಕಾಣುತ್ತದೆಯೇ? ಕಾಣದಿದ್ದರೆ 'ಏನಿದೆ ಇದರಲ್ಲಿ, ನೀವೇ ಓದಿ' ಅನ್ನುತ್ತಾಳೆ. ಕೊನೆಗೆ ಓದಬೇಕಾದವನು ತಾನೇ. ಹಾಗಿದ್ದಮೇಲೆ ಮಾತೇ ಮೊದಲು. ಸರಿ, ಆದರೆ ಯಾವ ಮಾತು? 'ನಿನಗೊಂದು ವಿಷಯ ಹೇಳಬೇಕು' ಅಂತಲೇ? ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಇದ್ದು, ಒಂದೇ ಮೇಜಿನಲ್ಲಿ ಉಂಡು, ಇವತ್ತು ಹೊಸದಾಗಿ ಹೇಳುವ ವಿಷಯವೇ ಅದು?

ಬಚ್ಚಲುಮನೆಯ ಕನ್ನಡಿಯಲ್ಲಿ ಅರ್ಧ ಗಡ್ಡ ಹೋಗಿತ್ತು, ಅರ್ಧದ ಮೇಲೆ ನೊರೆ ಒಣಗುತ್ತಿತ್ತು.

"ಅಪ್ಪಾ, ಒಳಗೆ ಮನೆ ಕಟ್ತಾ ಇದ್ದೀರಾ?" ಮಗಳು ಬಾಗಿಲು ತಟ್ಟಿದಳು. "ಅಮ್ಮನಿಗೆ ಮೈ ಒರೆಸ್ಬೇಕು, ಬಿಸಿನೀರು ಬೇಕು. ತಾರಸಿ ಹಾಕೋದು ನಾಳೆಗೆ ಇಟ್ಕೊಳ್ಳಿ."

"ಬಂದೆ."

"ಇನ್ನೊಂದು. ಮೇಸ್ತ್ರಿ ಒಪ್ಕೊಂಡ್ರು. ನಾಲ್ಕು ಗಂಟೆಗೆ ಬರ್ತಾರಂತೆ. ಅಮ್ಮ ಆಗ್ಲೇ ಯಾವ ಸೀರೆ ಅಂತ ಕೇಳ್ತಿದ್ದಾಳೆ."

ಅವನು ಉಳಿದರ್ಧ ಗಡ್ಡ ಹೆರೆದುಕೊಂಡ. ಗಲ್ಲದ ಹತ್ತಿರ ಸ್ವಲ್ಪ ರಕ್ತ ಬಂತು.

ಅವನು ವಾಸ್ತುಶಿಲ್ಪ ಕಾಲೇಜಿನಲ್ಲಿ ಪ್ರೊಫೆಸರ್. ಕಟ್ಟಡಗಳ ಭಾರ ಹೇಗೆ ನೆಲ ಸೇರುತ್ತದೆ ಎಂದು ಕಲಿಸುವುದು, ಕಬ್ಬಿಣ ಸಿಮೆಂಟು ಆದಷ್ಟು ಕಡಿಮೆ ಬಳಸಿ ಕಾಲ ಕೆಳಗಿನ ಮಣ್ಣಿನಿಂದಲೇ ಹೇಗೆ ಕಟ್ಟಬಹುದು ಎಂದು ಹುಡುಕುವುದು, ಇವೇ ಅವನ ಮೂವತ್ತಮೂರು ವರ್ಷ. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಗಾರೆ ಮೇಷ್ಟ್ರು' ಅನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಹೆಂಡತಿ ಅದೇ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಅವಳು ಮಣ್ಣನ್ನು ಅಂಗೈಯಲ್ಲಿ ಹಾಕಿಕೊಂಡು ನಾಲ್ಕು ಹನಿ ನೀರು ಬಿಟ್ಟು ಉಜ್ಜಿದರೆ ಸಾಕು, ಅದು ಗೋಡೆಗೆ ಬರುತ್ತದೋ ಇಲ್ಲವೋ ಹೇಳುತ್ತಿದ್ದಳು. 'ನಿಮ್ಮನ್ನು ಮದುವೆಯಾಗಿದ್ದೂ ಹೀಗೇ ಉಜ್ಜಿ ನೋಡಿ' ಎಂದು ಒಮ್ಮೆ ಎಲ್ಲರೆದುರು ಹೇಳಿದ್ದಳು. 'ಏನು ಗೊತ್ತಾಯ್ತು' ಎಂದು ಯಾರೋ ಕೇಳಿದಾಗ, 'ಜಿಗುಟು ಜಾಸ್ತಿ, ಬಲ ಪರವಾಗಿಲ್ಲ' ಎಂದಿದ್ದಳು.

ಈಗ ಅವಳು ಮುಂದಿನ ಕೋಣೆಯ ಮಂಚದ ಮೇಲಿದ್ದಳು. ಹೃದಯ ದಣಿದಿದೆ, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಮೂರು ವಾರವಾಗಿತ್ತು. ಕಾಲುಗಳು ಊದಿಕೊಂಡಿದ್ದವು. ಮೂರು ದಿಂಬು ಒರಗಿಸಿಕೊಂಡು ಕೂತರೆ ಮಾತ್ರ ಉಸಿರು ಸಲೀಸು. ಹಾಗೆ ಕೂತೇ ಅವಳು ಮೊನ್ನೆ ಮಗಳಿಗೆ ಹೇಳಿದ್ದಳು: "ಮೇಸ್ತ್ರಿಗೆ ಒಂದು ಫೋನ್ ಮಾಡೇ. ಅವರ ಹತ್ತಿರ ನಾನೊಂದು ಕ್ಷಮೆ ಕೇಳೋದು ಬಾಕಿ ಇದೆ."

ಅದನ್ನು ಕೇಳಿದಾಗ ಅವನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸದೆ ಹಾಗೇ ನಿಂತುಬಿಟ್ಟಿದ್ದ.

*

ಹನ್ನೊಂದು ವರ್ಷದ ಹಿಂದೆ ನಗರದ ಅಂಚಿನ ಬಡಾವಣೆಯೊಂದರಲ್ಲಿ ಮಕ್ಕಳಿಗಾಗಿ ಒಂದು ಓದುವ ಮನೆ ಕಟ್ಟಿದರು. ನಕ್ಷೆ ಅವನದು. ಸುಡದ ಮಣ್ಣಿನ ಇಟ್ಟಿಗೆ, ಸೈಟಿನಲ್ಲೇ ತೋಡಿದ ಮಣ್ಣು, ಕೈಯಿಂದ ಒತ್ತುವ ಅಚ್ಚು ಯಂತ್ರ. ಸಿಮೆಂಟು ನೂರಕ್ಕೆ ಆರು ಪಾಲು ಮಾತ್ರ. ಕಟ್ಟಿದವರು ಮೇಸ್ತ್ರಿ, ಹದಿನೈದು ವರ್ಷದಿಂದ ಅವನ ಜೊತೆಗಿದ್ದವರು.

ಸೈಟಿನಲ್ಲಿ ಎರಡು ಗುಂಡಿ ತೋಡಿಸಿದ್ದರು. ಉತ್ತರದ್ದೊಂದು, ದಕ್ಷಿಣದ್ದೊಂದು. ಎರಡರ ಮಣ್ಣೂ ಕಣ್ಣಿಗೆ ಒಂದೇ ಥರ, ಕಂದು. ಇಟ್ಟಿಗೆಗೆ ಮರಳು ಹೆಚ್ಚಿರುವ ಮಣ್ಣೇ ಬೇಕು, ಜೇಡಿ ಹೆಚ್ಚಾದರೆ ನೀರು ಕುಡಿದು ಊದುತ್ತದೆ. ಯಾವುದರಲ್ಲಿ ಮರಳು ಹೆಚ್ಚು, ಯಾವುದರಲ್ಲಿ ಜೇಡಿ ಹೆಚ್ಚು ಎಂದು ತಿಳಿಯಲು ಅವರದ್ದು ಹಳೆಯ ಕ್ರಮ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ, ಒಂದು ದಿನ ಅಲುಗಾಡಿಸದೆ ಇಡುವುದು. ಮರಳು ಮೊದಲು ತಳಕ್ಕಿಳಿಯುತ್ತದೆ, ಜೇಡಿ ಕೊನೆಗೆ, ಎಲ್ಲಕ್ಕಿಂತ ಮೇಲೆ. ಮಾರನೇ ದಿನ ಅಳತೆಪಟ್ಟಿ ಹಿಡಿದರೆ ಮಣ್ಣಿನ ಜಾತಕ ಗೊತ್ತಾಗುತ್ತದೆ. ಬಾಟಲಿ ತುಂಬಿಸಿ ಚೀಟಿ ಬರೆದು ಅಂಟಿಸುವುದು ಅವಳ ಕೆಲಸ, ಓದುವುದು ಅವನ ಕೆಲಸ.

ಆ ವಾರ ಪ್ರಯೋಗಾಲಯಕ್ಕೆ ಸುಣ್ಣ ಹೊಡೆಯುತ್ತಿದ್ದರು. ಹಾಗಾಗಿ ಅವಳು ಮನೆಯಲ್ಲೇ, ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಆರು ಬಾಟಲಿ ಸಿದ್ಧ ಮಾಡಿದಳು. ಎರಡು ಓದುವ ಮನೆಯವು, ನಾಲ್ಕು ಬೇರೆ ಕೆಲಸದವು. ಅವನು ಅವನ್ನು ರಟ್ಟಿನ ಡಬ್ಬದಲ್ಲಿ ಕಾರಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದ. ದಾರಿಯಲ್ಲಿ ಒಂದರ ಮುಚ್ಚಳ ಸಡಿಲವಾಗಿ ನೀರು ಚೆಲ್ಲಿ ಡಬ್ಬದ ಒಂದು ಮೂಲೆ ತೊಯ್ದುಹೋಗಿತ್ತು. ಆ ಮೂಲೆಯಲ್ಲಿದ್ದವು ಓದುವ ಮನೆಯ ಎರಡು ಬಾಟಲಿ. ಅವಳು ಹಿಟ್ಟಿನ ಅಂಟು ಹಚ್ಚಿದ್ದ ಚೀಟಿಗಳು ಕಳಚಿ ತಳದಲ್ಲಿ ಬಿದ್ದಿದ್ದವು. ಅವನು ಬಾಟಲಿಗಳನ್ನು ಕುಲುಕಿ ಮೇಜಿನ ಮೇಲಿಟ್ಟ, ಚೀಟಿಗಳನ್ನು ಪಕ್ಕದಲ್ಲಿ ಒಣಗಲು ಹಾಕಿದ.

ಮಾರನೇ ಬೆಳಿಗ್ಗೆ ಪದರಗಳು ಕೂತಿದ್ದವು. ಒಂದರಲ್ಲಿ ಅರ್ಧಕ್ಕೂ ಮೇಲೆ ಮರಳು. ಇನ್ನೊಂದರಲ್ಲಿ ಬೆಣ್ಣೆಯಂಥ ಜೇಡಿ. ಯಾವುದು ಯಾವುದು? ಮೇಜಿನ ಮೇಲೆ ಫೋನಿತ್ತು, ಮನೆಯಲ್ಲಿ ಅವಳಿದ್ದಳು. ಕೇಳಬಹುದಿತ್ತು. ಆದರೆ ಅವನಿಗೆ ಅನುಮಾನವೇ ಬರಲಿಲ್ಲ. ಉತ್ತರದ ಗುಂಡಿ ಏರಿನಲ್ಲಿತ್ತು, ದಕ್ಷಿಣದ್ದು ತಗ್ಗಿನಲ್ಲಿ. ಜೇಡಿ ನೀರಿನ ಜೊತೆ ತಗ್ಗಿಗೆ ಹರಿದು ನಿಲ್ಲುತ್ತದೆ, ಮರಳು ಏರಿನಲ್ಲಿ ಉಳಿಯುತ್ತದೆ. ಇದನ್ನು ಅವನು ಎಷ್ಟೋ ವರ್ಷ ಪಾಠ ಮಾಡಿದ್ದ. ಮರಳಿದ್ದ ಬಾಟಲಿಗೆ 'ಉತ್ತರ' ಎಂಬ ಚೀಟಿಯನ್ನು, ಜೇಡಿಯಿದ್ದ ಬಾಟಲಿಗೆ 'ದಕ್ಷಿಣ' ಎಂಬ ಚೀಟಿಯನ್ನು ನಾಲಿಗೆಗೆ ತಾಗಿಸಿ ಅಂಟಿಸಿದ.

ಅಷ್ಟರಲ್ಲಿ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. "ಏನ್ ಸರ್, ಬೆಳಿಗ್ಗೆ ಬೆಳಿಗ್ಗೆ ಅಂಚೆ ಕಚೇರಿ ಶುರು ಮಾಡಿದ್ರಾ?"

"ಚೀಟಿ ಬಿದ್ದಿತ್ತು. ಮೇಸ್ತ್ರಿ, ಉತ್ತರದ ಗುಂಡಿ ಮಣ್ಣೇ ತೆಗೀರಿ."

ಮೂರು ದಿನದ ಮೇಲೆ ಅವನು ಸೈಟಿಗೆ ಹೋದಾಗ ಮೇಸ್ತ್ರಿ ಉತ್ತರದ ಮಣ್ಣನ್ನು ಚಿಟಿಕೆ ತೆಗೆದು ಬಾಯಿಗೆ ಹಾಕಿ ಮುಂದಿನ ಹಲ್ಲಿನಲ್ಲಿ ಅರೆಯುತ್ತಿದ್ದರು. "ಸರ್, ಇದು ಹಲ್ಲಿಗೆ ಕರಕರ ಅನ್ನಲ್ಲ. ಅಂಗುಳಕ್ಕೆ ಅಂಟ್ಕೊಳುತ್ತೆ. ಮರಳು ಎಲ್ಲಿದೆ ಇದರಲ್ಲಿ?"

"ನಿಮ್ಮ ಹಲ್ಲಿಗೆ ಕಾಲೇಜು ಇನ್ನೂ ಪದವಿ ಕೊಟ್ಟಿಲ್ಲ ಮೇಸ್ತ್ರಿ. ಬಾಟಲಿಗೆ ಕೊಟ್ಟಿದೆ."

ಮೇಸ್ತ್ರಿ ನಕ್ಕು ಮಣ್ಣು ಉಗಿದರು. ಕೆಲಸ ಮುಂದುವರಿಯಿತು.

ಮೊದಲ ಬೇಸಿಗೆ ಗೋಡೆ ಚೆನ್ನಾಗಿತ್ತು. ಆಮೇಲಿನ ಮಳೆಗಾಲದಲ್ಲಿ ಕೆಳಗಿನ ಇಟ್ಟಿಗೆ ವರಸೆಗಳು ನೀರು ಕುಡಿದು ಊದಿಕೊಂಡವು. ಬಿಸಿಲು ಬಂದಾಗ ಒಣಗಿ ಬಿರಿದವು. ಮತ್ತೆ ಊದಿದವು. ಒಂದು ರಜೆಯ ದಿನ ಮಧ್ಯಾಹ್ನ ಪಶ್ಚಿಮದ ಗೋಡೆ ಹೊರಕ್ಕೆ ವಾಲಿ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಪುಸ್ತಕದ ಕಪಾಟೊಂದು ಮಣ್ಣಿನಡಿ ಸೇರಿತು, ಅಷ್ಟೆ. ಮರುವಾರ ನಗರಸಭೆಯ ಯಂತ್ರ ಬಂದು ಉಳಿದ ಮೂರು ಗೋಡೆಯನ್ನೂ ಬೀಳಿಸಿತು.

ಕಾಲೇಜು ಒಂದು ಸಮಿತಿ ಮಾಡಿತು. ಬೇರೆ ಕಡೆ ಪರೀಕ್ಷೆ ಮಾಡಿಸಿದಾಗ ಉತ್ತರದ ಗುಂಡಿಯಲ್ಲೇ ಜೇಡಿ ಎಂದು ವರದಿ ಬಂತು. ಚೀಟಿ ಅದಲುಬದಲಾಗಿದೆ ಎನ್ನುವುದು ಅಲ್ಲಿಗೆ ಸ್ಪಷ್ಟ. ಬಾಟಲಿಗಳೆಲ್ಲಿ ಎಂದು ಕೇಳಿದರು. "ಒಡೆದುಹೋದವು" ಎಂದ ಅವನು. ಯಾಕೆ ಹಾಗೆ ಹೇಳಿದನೋ, ಬಾಯಿಂದ ಹೊರಗೆ ಬಂದ ಮೇಲೆ ಅವನಿಗೇ ಕೇಳಿಸಿತು. ಬಾಟಲಿಗಳು ಅವನ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಕೆಳಗಿನ ಅರೆಯಲ್ಲಿದ್ದವು.

ಮೇಜಿನ ತುದಿಯಲ್ಲಿ ಕೂತಿದ್ದ ಅವಳು ಎದ್ದು ನಿಂತಳು. "ಚೀಟಿ ಬರೆದು ಅಂಟಿಸೋದು ನಾನು. ಹೆಚ್ಚುಕಡಿಮೆ ಆಗಿದ್ರೆ ನನ್ನಿಂದಲೇ ಆಗಿರಬೇಕು" ಎಂದಳು. ಅವನನ್ನು ಕಾಪಾಡಲು ಹೇಳಿದ ಮಾತಲ್ಲ ಅದು. ಅವಳು ನಿಜವಾಗಿ ಹಾಗೇ ತಿಳಿದಿದ್ದಳು. ಸಮಿತಿಯವರು ಬರೆದುಕೊಂಡರು. ಮೇಸ್ತ್ರಿಯನ್ನು ಯಾರೂ ಕರೆಯಲಿಲ್ಲ, ಕೇಳಲಿಲ್ಲ. ಆದರೆ ಕೆಟ್ಟ ಗೋಡೆ ಕಟ್ಟಿದವರು ಎಂಬ ಮಾತು ಮಾತ್ರ ಅವರ ಬೆನ್ನಿಗೆ ಬಿತ್ತು. ಎರಡು ವರ್ಷ ಅವರು ಬೇರೆಯವರ ಕೈಕೆಳಗೆ ಗೋಡೆಗೆ ಗಾರೆ ಮೆತ್ತುವ ಗಿಲಾಯಿ ಕೆಲಸ ಮಾಡಿಕೊಂಡು ಬದುಕಿದರು.

ಸಮಿತಿ ಕೂತ ದಿನ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅವಳು ಕೇಳಿದಳು: "ಮುಚ್ಚಳಗಳು? ಮುಚ್ಚಳದ ಒಳಗೂ ನಾನು ಪೆನ್ಸಿಲಲ್ಲಿ ಬರ್ದಿರ್ತೀನಿ. ತಗಡಿನ ಮುಚ್ಚಳ ಒಡೆಯಲ್ಲವಲ್ಲ."

ಅವಳು ಹಾಗೆ ಬರೆಯುತ್ತಾಳೆಂದು ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದ ಅವನಿಗೆ ಗೊತ್ತೇ ಇರಲಿಲ್ಲ.

"ಗಾಜಿನ ಜೊತೆ ಗುಡಿಸಿ ಹಾಕಿರ್ತಾರೆ."

ಮರುದಿನ ಕಪಾಟು ತೆರೆದು ಮುಚ್ಚಳ ತಿರುಗಿಸಿದ. 'ದಕ್ಷಿಣ' ಎಂಬ ಚೀಟಿಯಿದ್ದ ಬಾಟಲಿಯ ಮುಚ್ಚಳದೊಳಗೆ ಅವಳ ದುಂಡನೆಯ ಅಕ್ಷರದಲ್ಲಿ 'ಉತ್ತರ' ಎಂದಿತ್ತು. ಇನ್ನೊಂದನ್ನು ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದ. ಮತ್ತೆ ಮುಚ್ಚಿಟ್ಟು ಬೀಗ ಹಾಕಿದ.

ಆ ತಿಂಗಳೇ ಅವಳು ಕೆಲಸ ಬಿಟ್ಟಳು. ಆಮೇಲೆ ಅವಳು ಮಣ್ಣು ಮುಟ್ಟಿದ್ದನ್ನು ಅವನು ನೋಡಲಿಲ್ಲ. ಹೂವಿನ ಕುಂಡಗಳನ್ನೂ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಅಡುಗೆಮನೆಯ ಡಬ್ಬಗಳ ಮೇಲೆ ಹೆಸರು ಬರೆಯುವುದನ್ನೂ ನಿಲ್ಲಿಸಿದಳು. ಸಕ್ಕರೆಯನ್ನೂ ಉಪ್ಪನ್ನೂ ಬೆರಳದ್ದಿ ನೋಡಿಯೇ ಬಳಸುತ್ತಿದ್ದಳು. "ನನ್ನ ಕೈ ಬರಹ ನಂಬೋ ಹಾಗಿಲ್ಲ" ಎಂದು ನಗುತ್ತಿದ್ದಳು. ಅವನು ಆ ನಗುವನ್ನು ಕೇಳಿಯೂ ಪೇಪರ್ ಮಡಿಸಿ ಇನ್ನೊಂದು ಪುಟ ತೆರೆಯುತ್ತಿದ್ದ. ಮೊದಲ ವಾರ ಹೇಳಿದ್ದರೆ ಕೆಲಸಕ್ಕೆ ಕುತ್ತು ಬರುತ್ತಿತ್ತು. ಮೊದಲ ವರ್ಷ ಹೇಳಿದ್ದರೆ ಮರ್ಯಾದೆ ಹೋಗುತ್ತಿತ್ತು. ಆಮೇಲೆ ಅವನು ವಿಭಾಗದ ಮುಖ್ಯಸ್ಥನಾದ. ಆಮೇಲೆ ಹೇಳುವುದೆಂದರೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು.

*

ಮೇಸ್ತ್ರಿ ಬರಬೇಕಿದ್ದ ಆ ದಿನ ಹನ್ನೊಂದು ಗಂಟೆಗೆ ಅವನಿಗೆ ಎರಡನೇ ವರ್ಷದವರ ತರಗತಿ. ಹಲಗೆಯ ಮೇಲೆ ಒಂದು ಮನೆಯ ಸೀಳುನೋಟ ಬರೆದು, ತಾರಸಿಯಿಂದ ಗೋಡೆಗೆ, ಗೋಡೆಯಿಂದ ತಳಪಾಯಕ್ಕೆ, ತಳಪಾಯದಿಂದ ನೆಲಕ್ಕೆ ಬಾಣದ ಗುರುತು ಹಾಕಿದ.

"ಸರ್, ಒಂದು ಗೋಡೆ ಬಿದ್ದುಹೋದ್ರೆ ಅದರ ಭಾರ ಎಲ್ಲಿಗೆ ಹೋಗುತ್ತೆ?" ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಪಕ್ಕದ ಗೋಡೆಗೆ."

"ಅದು ಹೊರದಿದ್ರೆ?"

"ಹೊರುತ್ತೆ. ತುಂಬಾ ದಿನ ಹೊರುತ್ತೆ. ಹೊರಗಿನಿಂದ ನೋಡಿದ್ರೆ ನಮಗೆ ಗೊತ್ತೂ ಆಗಲ್ಲ."

ಹಿಂದಿನ ಬೆಂಚಿನಿಂದ ಯಾರೋ "ಸರ್, ಇದು ಪರೀಕ್ಷೆಗೆ ಬರುತ್ತಾ?" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಸೀಮೆಸುಣ್ಣದ ಕೈ ಒರೆಸಿಕೊಂಡು ಕೋಣೆಗೆ ಹೋಗಿ ಕಪಾಟಿನ ಬೀಗ ತೆಗೆದ. ಬೀಗ ತುಕ್ಕು ಹಿಡಿದಿತ್ತು, ಕೀಲಿಕೈ ತಿರುಗಲು ಹಟ ಮಾಡಿತು. ಬಾಟಲಿಗಳಲ್ಲಿ ನೀರು ಎಂದೋ ಆರಿ, ಪದರಗಳು ಹಾಗೇ ಗಟ್ಟಿಯಾಗಿದ್ದವು. ಎರಡನ್ನೂ ಹಳೇ ಪೇಪರಿನಲ್ಲಿ ಸುತ್ತಿ ಬಟ್ಟೆಯ ಚೀಲದಲ್ಲಿಟ್ಟುಕೊಂಡ.

ಮೂರು ಗಂಟೆಗೆ ಮನೆ ಸೇರಬೇಕು. ಮೇಸ್ತ್ರಿ ಬರುವುದು ನಾಲ್ಕಕ್ಕೆ. ಮಗಳನ್ನು ಔಷಧಿ ಅಂಗಡಿಗೆ ಕಳಿಸಬೇಕು. ಒಂದು ಗಂಟೆ ಸಾಕು. ದಾರಿಯುದ್ದಕ್ಕೂ ಮೊದಲ ವಾಕ್ಯ ಕಟ್ಟುತ್ತಾ ಬಂದ. 'ಆ ಚೀಟಿ ನಿನ್ನದಲ್ಲ.' ಇದು ಚೆನ್ನಾಗಿದೆ, ಚಿಕ್ಕದು. ಸಿಗ್ನಲ್ಲಿನಲ್ಲಿ ನಿಂತಾಗ ಜೋರಾಗಿಯೇ ಹೇಳಿ ನೋಡಿದ.

ಮನೆಯ ಮುಂದೆ ಮೇಸ್ತ್ರಿಯ ಹಳೇ ಸ್ಕೂಟರ್ ನಿಂತಿತ್ತು. ಇನ್ನೂ ಮೂರು ಗಂಟೆಯಾಗಲು ಐದು ನಿಮಿಷವಿತ್ತು.

ಒಳಗೆ ಹೆಂಡತಿ ನೀಲಿ ಸೀರೆಯುಟ್ಟು ದಿಂಬಿಗೆ ಒರಗಿದ್ದಳು. ಪಕ್ಕದ ಕುರ್ಚಿಯ ತುದಿಯಲ್ಲಿ ಮೇಸ್ತ್ರಿ ಕೂತಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಬನ್ನಿ ಸರ್, ನಿಮ್ಮನೆಗೆ ನಿಮ್ಮನ್ನೇ ಕರೀತಾ ಇದ್ದೀನಿ ನೋಡಿ" ಎಂದು ಎದ್ದರು. "ನಾಲ್ಕು ಅಂದಿದ್ದೆ. ಆದ್ರೆ ಅಕ್ಕಾವ್ರು ಕರೆದ್ರೆ ಗಡಿಯಾರ ಯಾರು ನೋಡ್ತಾರೆ."

"ಕೂತ್ಕೊಳ್ಳಿ, ಕೂತ್ಕೊಳ್ಳಿ." ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತ. ಬಾಟಲಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು.

"ಮೇಸ್ತ್ರಿ ಹಲ್ಲೆಲ್ಲಾ ಕಟ್ಟಿಸ್ಕೊಂಡಿದ್ದಾರೆ ರೀ" ಎಂದಳು ಹೆಂಡತಿ. "ನೋಡಿ, ಎಷ್ಟು ಸಾಲಾಗಿವೆ."

"ಹೌದು ಸರ್, ಮೇಲೊಂದು ವರಸೆ, ಕೆಳಗೊಂದು ವರಸೆ. ನಾನೇ ಕಟ್ಟಿದ್ರೂ ಇಷ್ಟು ನೇರ ಬರ್ತಿರಲಿಲ್ಲ. ಆದ್ರೆ ಇನ್ನು ಮಣ್ಣು ಅರೆದು ನೋಡೋ ಹಾಗಿಲ್ಲ. ಅರೆದ್ರೆ ಹಲ್ಲು ಅಲ್ಲೇ ಉಳಿಯುತ್ತೆ."

ಮಗಳು ಬಾಗಿಲಲ್ಲಿ ನಿಂತು ನಕ್ಕಳು. ಹೆಂಡತಿಯೂ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೂ ಎಲ್ಲರೂ ಕಾದರು. ಆಮೇಲೆ ಅವಳು ಮಗಳನ್ನು ನೋಡಿ, "ನೀನು ಸ್ವಲ್ಪ ಒಳಗೆ ಹೋಗಮ್ಮ" ಎಂದಳು. ಅವನನ್ನು ಹೋಗು ಎನ್ನಲಿಲ್ಲ.

"ಮೇಸ್ತ್ರಿ, ಅವತ್ತು ನೀವು ಹಲ್ಲಲ್ಲಿ ಅರೆದು ಮರಳಿಲ್ಲ ಅಂದ್ರಂತೆ. ನೀವೇ ಸರಿ. ಚೀಟಿ ನಾನು ತಪ್ಪಾಗಿ ಹಾಕಿದ್ದೆ. ಗೋಡೆ ಹೋಯ್ತು, ನಿಮ್ಮ ಹೆಸರೂ ಹೋಯ್ತು. ಎರಡು ವರ್ಷ ನೀವು ಯಾರ್ಯಾರದೋ ಗೋಡೆಗೆ ಗಿಲಾಯಿ ಮಾಡಿದ್ರಿ. ನನಗೆಲ್ಲಾ ಗೊತ್ತಿತ್ತು, ಬಂದು ಕೇಳೋಕೆ ಮುಖ ಇರಲಿಲ್ಲ. ಈಗ ಮುಖ ಇದೆ ಅಂತಲ್ಲ, ಹೊತ್ತಿಲ್ಲ." ಅವಳು ಕೈ ಜೋಡಿಸಿದಳು. ಊದಿದ ಬೆರಳುಗಳು ಸರಿಯಾಗಿ ಕೂಡಲಿಲ್ಲ. "ಕ್ಷಮಿಸಿಬಿಡಿ."

ಮೇಸ್ತ್ರಿ ಅವಳನ್ನು ನೋಡಲಿಲ್ಲ. ಅವನನ್ನು ನೋಡಿದರು. ಕೋಪವಿರಲಿಲ್ಲ ಆ ನೋಟದಲ್ಲಿ. ಇಟ್ಟಿಗೆ ಕೊಡುವವನ ಕಡೆಗೆ ಕೈ ಚಾಚಿ ಕಾಯುತ್ತಾರಲ್ಲ, ಹಾಗೆ ಕಾದರು. ಅವನಿಗೆ ತಾನು ನಾಲಿಗೆಗೆ ಚೀಟಿ ತಾಗಿಸಿದ ಬೆಳಿಗ್ಗೆ, ಬಾಗಿಲಲ್ಲಿ ನಿಂತಿದ್ದ ಈ ಮನುಷ್ಯ, ಎರಡೂ ಒಟ್ಟಿಗೆ ಕಣ್ಣಿಗೆ ಬಂದವು. ಗೊತ್ತು ಇವರಿಗೆ. ಮೊದಲಿನಿಂದಲೂ ಗೊತ್ತು. 'ಆ ಚೀಟಿ ನಿನ್ನದಲ್ಲ.' ವಾಕ್ಯ ಸಿದ್ಧವಾಗಿತ್ತು. ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಮೇಸ್ತ್ರಿ ಲೋಟ ಕೆಳಗಿಟ್ಟರು.

"ಅಯ್ಯೋ ಅಕ್ಕಾ, ಇಷ್ಟು ವರ್ಷ ಇದನ್ನ ಹೊತ್ಕೊಂಡು ಕೂತಿದ್ರಾ? ಚೀಟಿಗೂ ಗೋಡೆಗೂ ಏನ್ ಸಂಬಂಧ? ತಪ್ಪು ನಂದು. ಆಳುಗಳು ಕಲಸುವಾಗ ನೀರು ಜಾಸ್ತಿ ಹಾಕಿದ್ರು. ನಾನು ನೋಡಿಯೂ ಸುಮ್ಮನಿದ್ದೆ, ಬೇಗ ಮುಗೀಲಿ ಅಂತ. ನೀರು ಜಾಸ್ತಿಯಾದ್ರೆ ಇಟ್ಟಿಗೆ ನಿಲ್ಲುತ್ತಾ, ನೀವೇ ಹೇಳಿ. ಎಂಥ ಮಣ್ಣಾದ್ರೂ ಅಷ್ಟೆ."

"ಹೌದಾ?" ಎಂದಳು ಅವಳು.

"ಹಲ್ಲಾಣೆ. ಹೊಸ ಹಲ್ಲಾಣೆ."

ಅವಳು ಮೆಲ್ಲಗೆ ನಕ್ಕಳು. ಮತ್ತೆ ಸ್ವಲ್ಪ ಹೊತ್ತು ಮೇಸ್ತ್ರಿಯ ಮೊಮ್ಮಗಳ ಶಾಲೆ, ಈಗಿನ ಗಾರೆಯವರಿಗೆ ತೂಗುಗುಂಡು ಹಿಡಿಯಲೂ ಬಾರದಿರುವುದು, ಏನೇನೋ ಮಾತಾಡಿದರು. ಅವನು ಚೀಲ ಹಿಡಿದುಕೊಂಡೇ ಕೂತಿದ್ದ.

ಬೀಳ್ಕೊಡಲು ಗೇಟಿನವರೆಗೆ ಹೋದ. ಮೇಸ್ತ್ರಿ ಸ್ಕೂಟರಿನ ಸ್ಟ್ಯಾಂಡ್ ತೆಗೆದು, ಅವನ ಕೈಯಲ್ಲಿದ್ದ ಚೀಲ ನೋಡಿದರು.

"ಬಾಟಲಿನಾ ಸರ್?"

ಅವನು ತಲೆಯಾಡಿಸಿದ.

"ಒಡೀಲಿಲ್ಲ ಹಾಗಾದ್ರೆ." ಸ್ಕೂಟರನ್ನು ರಸ್ತೆಯ ಕಡೆ ತಿರುಗಿಸುತ್ತಾ ಹೇಳಿದರು: "ನಾನು ಹೇಳಿದ್ದು ಅಕ್ಕಾವ್ರಿಗೋಸ್ಕರ. ನಿಮಗೋಸ್ಕರ ಅಲ್ಲ. ಸಮಿತಿಯವರು ನನ್ನ ಕರೆದು ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಯಾರೂ ಕೇಳಲಿಲ್ಲ. ನೀವೂ ಬಂದು ಕೇಳಲಿಲ್ಲ."

"ಮೇಸ್ತ್ರಿ…"

"ನನಗೇನೂ ಹೇಳ್ಬೇಡಿ ಸರ್. ನನ್ನ ಕಡೆಯಿಂದ ನಾನು ಮುಗಿಸ್ಕೊಂಡೆ. ಹೇಳೋದಿದ್ರೆ ಒಳಗೆ ಹೋಗಿ ಹೇಳಿ. ಇನ್ನೂ ಕಿವಿ ಕೇಳುತ್ತೆ ಅವರಿಗೆ."

ಸ್ಕೂಟರ್ ನಾಲ್ಕು ಸಲ ಒದ್ದ ಮೇಲೆ ಶುರುವಾಯಿತು.

ಅವನು ಒಳಗೆ ಬಂದು ಮೇಸ್ತ್ರಿ ಕೂತಿದ್ದ ಕುರ್ಚಿಯಲ್ಲೇ ಕೂತ. ಮಗಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಕಿಟಕಿಯ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಹೆಂಡತಿ ಕಣ್ಣು ಮುಚ್ಚಿದ್ದಳು. ಅವಳಿಗೆ ನೆಮ್ಮದಿಯಾಗಿದೆ, ಅವನು ಅಂದುಕೊಂಡ. ತಪ್ಪು ತನ್ನದಲ್ಲ ಎಂದು ಯಾರೋ ಹೇಳಿದ್ದಾರೆ. ಅವಳಿಗೆ ಬೇಕಾದದ್ದು ಸಿಕ್ಕಿದೆ. ಈಗ ಇದನ್ನು ತೆಗೆದು ಕೆದಕಿದರೆ ಯಾರಿಗೆ ಲಾಭ? ಅವನ ಬೆರಳುಗಳು ಚೀಲದ ಮೇಲೆ ಸಡಿಲವಾದವು.

"ಪಾಪ, ಮೇಸ್ತ್ರಿ" ಎಂದಳು ಅವಳು, ಕಣ್ಣು ತೆರೆಯದೆ. "ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ರು."

"ಸುಳ್ಳು?"

"ನೀರು ಜಾಸ್ತಿ ಆಗಿರಲಿಲ್ಲ ರೀ. ದಿನಾ ಬೆಳಿಗ್ಗೆ ಸೈಟಿಗೆ ಹೋಗಿ ಉಂಡೆ ಬಿಟ್ಟು ನೋಡ್ತಿದ್ದವಳು ನಾನೇ ಅಲ್ವಾ. ಕಲಸಿದ ಮಣ್ಣನ್ನ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡೋದು. ನೀರು ಜಾಸ್ತಿಯಿದ್ರೆ ದೊಪ್ಪಂತ ಕೂತ್ಕೊಳುತ್ತೆ. ಒಂದು ದಿನಾನೂ ಕೂತ್ಕೊಳ್ಳಲಿಲ್ಲ. ನಾಲ್ಕೈದು ಚೂರಾಗಿ ಒಡೀತಿತ್ತು, ಹೇಗೆ ಬೇಕೋ ಹಾಗೆ. ಕೈಗೆ ಜಿಗುಟು ಅನ್ನಿಸ್ತಿತ್ತು, ಆದ್ರೆ ಬಾಟಲಿ ನಂಬಿದ್ದೆ." ಅವಳು ಉಸಿರು ತೆಗೆದುಕೊಂಡಳು. "ನನ್ನ ಸಮಾಧಾನಕ್ಕೆ ತಮ್ಮ ಮೈಮೇಲೆ ಹಾಕ್ಕೊಂಡ್ರು. ಈಗ ಅದೂ ಒಂದು ನನ್ನ ಲೆಕ್ಕಕ್ಕೇ ಬಂತು."

ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೂ ನನಗೆ ಅರ್ಥವಾಗದಿರೋದು ಒಂದೇ" ಎಂದಳು. "ಬರೆಯೋವಾಗ ನಾನು ಎರಡೆರಡು ಸಲ ನೋಡ್ತಿದ್ದೆ. ಕಿಟಕಿ ಎಡಕ್ಕೆ ಉತ್ತರ, ಬಲಕ್ಕೆ ದಕ್ಷಿಣ, ಹಾಗೇ ಇಟ್ಟಿದ್ದೆ. ಇವತ್ತಿಗೂ ಕಣ್ಣು ಮುಚ್ಚಿದ್ರೆ ಹಾಗೇ ಕಾಣುತ್ತೆ. ಆದ್ರೆ ಕಾಣೋದನ್ನ ನಂಬೋದು ಹೇಗೆ, ಅಲ್ವಾ? ಗೋಡೆ ಬಿತ್ತಲ್ಲ." ಕಣ್ಣು ತೆರೆದು ಅವನ ಕಡೆ ನೋಡಿದಳು. "ಆ ಮುಚ್ಚಳಗಳು ನಿಜವಾಗ್ಲೂ ಹೋದ್ವಾ ರೀ? ಒಂದು ಸಲ ನೋಡಿದ್ರೆ ಸಾಕಿತ್ತು. ತಪ್ಪಾಗೇ ಬರ್ದಿದ್ರೂ ಪರವಾಗಿಲ್ಲ. ಗೊತ್ತಾದ್ರೆ ಸಾಕು."

ಚೀಲ ಅವನ ತೊಡೆಯ ಮೇಲಿತ್ತು. ಒಂದು ಬಾಟಲಿಯ ಮುಚ್ಚಳದ ಅಂಚು ಬಟ್ಟೆಯ ಮೂಲಕ ಅವನ ಅಂಗೈಗೆ ಒತ್ತುತ್ತಿತ್ತು.

"ಹೋದ್ವು" ಎಂದ.

"ಹೂಂ."

"ನೀನು ಮಲಗು. ತುಂಬಾ ಮಾತಾಡಿದೆ ಇವತ್ತು."

ಅವಳು ತಲೆಯಾಡಿಸಿದಳು. ಅವನು ದಿಂಬು ಸರಿಮಾಡಿ, ಹೊದಿಕೆ ಎಳೆದು, ಚೀಲವನ್ನು ಮಂಚದ ಕೆಳಗೆ ಸರಿಸಿದ. ಆ ಸಂಜೆ ಅವಳು ಅರ್ಧ ಲೋಟ ಗಂಜಿ ಕುಡಿದಳು.

*

ಒಂಬತ್ತು ದಿನಗಳ ಮೇಲೆ, ಬೆಳಗಿನ ಎಂಟು ಗಂಟೆಗೆ, ಮಗಳು ತಲೆ ಬಾಚುತ್ತಿದ್ದಾಗ ಅವಳು ಹೋದಳು. ಆ ಒಂಬತ್ತು ದಿನವೂ ಬಾಟಲಿಗಳು ಅವಳ ಮಂಚದ ಕೆಳಗೇ ಇದ್ದವು. ಪ್ರತಿ ದಿನವೂ ಅವನು ಬೆಳಿಗ್ಗೆ ಸಂಜೆಗೆ ಹೇಳುತ್ತೇನೆ ಅಂದುಕೊಂಡ, ಸಂಜೆ ಬೆಳಿಗ್ಗೆಗೆ ಅಂದುಕೊಂಡ. ಒಮ್ಮೆ ಚೀಲವನ್ನು ಹೊರಗೆಳೆದೂ ಇದ್ದ. ಅವಳಿಗೆ ನಿದ್ದೆ ಬಂದಿತ್ತು. ನಿದ್ದೆ ಬಂದದ್ದಕ್ಕೆ ಅವನಿಗೆ ಸಮಾಧಾನವಾಯಿತು.

ಮೇಸ್ತ್ರಿ ಬಂದರು. ಕಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಅವನನ್ನು ಏನೂ ಕೇಳಲಿಲ್ಲ. ಒಂದು ಸಲ ಮುಖ ನೋಡಿದರು, ಅಷ್ಟರಲ್ಲೇ ಅವರಿಗೆ ಗೊತ್ತಾದ ಹಾಗಿತ್ತು. ಚಹಾ ಬೇಡ ಎಂದು ಹೊರಟುಹೋದರು.

ಮುಂದಿನ ವಾರ ಕೋಣೆ ಗುಡಿಸುವಾಗ ಮಗಳಿಗೆ ಚೀಲ ಸಿಕ್ಕಿತು. "ಇದೇನಪ್ಪಾ?" ಎಂದು ಪೇಪರ್ ಬಿಚ್ಚಿದಳು.

"ಹಳೇ ಮಣ್ಣು."

"ಅಮ್ಮನ ಅಕ್ಷರ ಅಲ್ವಾ ಇದು." ಚೀಟಿಗಳ ಮೇಲೆ ಬೆರಳಾಡಿಸಿದಳು. "ಎಷ್ಟು ದುಂಡಗೆ ಬರೀತಿದ್ಲು. ಎಸೀಬೇಡಿ, ನಾನು ಇಟ್ಕೊಳ್ತೀನಿ." ಮುಚ್ಚಳ ತೆರೆಯಲಿಲ್ಲ. ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲಿಟ್ಟಳು. ಎಡಕ್ಕೆ ಉತ್ತರ ಎಂಬ ಚೀಟಿಯದು, ಬಲಕ್ಕೆ ದಕ್ಷಿಣ ಎಂಬ ಚೀಟಿಯದು. ಈಗ ಅವನು ದಿನಾ ಅಲ್ಲೇ ಲೋಟ ತೊಳೆಯುತ್ತಾನೆ.

ಅವಳು ಸರಿಯಾಗಿಯೇ ಬರೆದಿದ್ದಳು, ಚೀಟಿ ತಪ್ಪಾಗಿ ಅಂಟಿಸಿದ್ದು ತಾನು ಎಂದು ಅವನು ಅವಳಿಗೆ ಹೇಳಲಿಲ್ಲ.